ಹಳತಾದಷ್ಟೂ ಹಿರಿದೇ? – ಷಾಂಪೇನ್ ಕುರಿತು ಒಂದು ವಿಮರ್ಶೆ

ಸಂಘದ ಪತ್ರಿಕೆಯಲ್ಲಿ ಗಮಕ, ಯಕ್ಷಗಾನ, ನಾಟಕ, ಪುಸ್ತಕಗಳ ವಿಮರ್ಶೆಗಳನ್ನು ಓದುತ್ತ ಬಂದಿರುವ ವಾಚಕರು ಈ ಶೀರ್ಷಿಕೆಯನ್ನು ಕಂಡು ಹುಬ್ಬೇರಿಸಿದರೆ ಅದು ಅವರ ತಪ್ಪಲ್ಲ. ಷಾಂಪೇನ್ ಎಂದರೆ ಪಂದ್ಯ ಗೆದ್ದವರು ಒಬ್ಬರ ಮೇಲೊಬ್ಬರು ಎರಚಿಕೊಳ್ಳುವ ನೊರೆ ಎಂದಷ್ಟೇ ನಮ್ಮಲ್ಲಿ ಬಹುಮಂದಿ ಬಲ್ಲರು. ನಮ್ಮ ಸಂಘದ ಅನೇಕ ಮನೆಗಳಲ್ಲಿ ಮದ್ಯವನ್ನು ಮುಟ್ಟುವುದಿಲ್ಲ. ಆ ಮನೆಗಳವರಿಗೆ ಆಸೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೆ ‘ಹಳತಾದಷ್ಟೂ ಒಳ್ಳೆಯದು’ ಎಂಬ ಮಾತನ್ನು ನಾವು ಅಕ್ಕಿಗೆ, ಹುಣಿಸೆಹಣ್ಣಿಗೆ, ಉಪ್ಪಿನಕಾಯಿಗೆ, ವೀಣೆಗೆ, ಕೆಲವೊಮ್ಮೆ ಮನುಷ್ಯರಿಗೂ ಅನ್ವಯಿಸಿ ಹೇಳುತ್ತೇವಲ್ಲ, ಆ ಮಾತನ್ನು ಒರೆಗೆ ಹಚ್ಚಿ ನೋಡಲು ಇದಕ್ಕಿಂತ ತಕ್ಕ ವಸ್ತು ನನಗೆ ದೊರೆತಿಲ್ಲ. ಒಂದೇ ಸುಗ್ಗಿಯ ದ್ರಾಕ್ಷಿಯಿಂದ ಮಾಡಿ, ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇಟ್ಟು, ಹುಟ್ಟಿದ ವರ್ಷವನ್ನು ಮೈಮೇಲೆ ಅಚ್ಚು ಹಾಕಿಸಿಕೊಂಡು ಬರುವ ‘ವಿಂಟೇಜ್’ ಷಾಂಪೇನ್ ವಯಸ್ಸಿನ ಬಲದಿಂದಲೇ ಬೆಲೆ ಕೇಳುವ ಪದಾರ್ಥ. ಆ ಬೆಲೆ ನ್ಯಾಯವೇ ಎಂಬುದೇ ಈ ಲೇಖನದ ಪ್ರಶ್ನೆ.

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದು ನನ್ನದೇ ಒಂದು ಪೆದ್ದತನದಿಂದ. ನಮ್ಮ ಭಾವನವರು, ಅಂದರೆ ಪುಣೆಯಲ್ಲಿರುವ ಅಕ್ಕನ ಯಜಮಾನರು, 2011ರಲ್ಲಿ ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿ ಬರುವಾಗ ಷಾಂಪೇನಿನ ಎರಡು ಬಾಟಲಿ ತಂದರು. ಸುಂಕವಿಲ್ಲದೆ ತರಬಹುದಾದ 2 ಲೀಟರ್ ಮಿತಿಯಲ್ಲಿ ಮುಕ್ಕಾಲು ಲೀಟರಿನ ಬಾಟಲಿಗಳು ಎರಡೇ ಹಿಡಿಯುವುದು. ಎರಡೂ ಒಂದೇ ಮನೆತನದವು. ಎರಡರ ಮೇಲೂ 2002 ಎಂದು ಅಚ್ಚಾಗಿತ್ತು. ಒಂದನ್ನು ನನ್ನ ಕೈಗಿತ್ತು, “ಇವತ್ತೇ ತೆಗೆದುಬಿಡೋಣ ಕಣಯ್ಯಾ” ಎಂದರು. ನಾನು ಸರ್ಕಾರಿ ಗುಮಾಸ್ತ, ಇಡುವುದರಲ್ಲಿ ನಂಬಿಕೆಯುಳ್ಳವನು. “ಬೇಡಿ ಭಾವ, ಇಡೋಣ. ಹಳತಾದಷ್ಟೂ ರುಚಿ ಹೆಚ್ಚಂತೆ. ನಿಮ್ಮ ಮಗ ಇಂಜಿನಿಯರಿಂಗ್ ಮುಗಿಸಿದ ದಿನ ತೆಗೆಯೋಣ” ಎಂದೆ. ಭಾವನವರು ತಮ್ಮ ಬಾಟಲಿಯನ್ನು ಸ್ನೇಹಿತರೊಬ್ಬರ ಮನೆಯಲ್ಲಿಟ್ಟರು. ಆ ಸ್ನೇಹಿತರ ಬಳಿ ಮದ್ಯವಿಡಲೆಂದೇ ಮಾಡಿದ, ಸದಾ 12 ಡಿಗ್ರಿ ಸೆಂಟಿಗ್ರೇಡ್ ಉಷ್ಣಮಾನವಿರುವ ಪೆಟ್ಟಿಗೆಯಿತ್ತು. ನಾನು ನನ್ನ ಪಾಲಿನದನ್ನು ಮುಂಬಯಿಯ ಕ್ವಾರ್ಟರ್ಸಿನಲ್ಲಿ, ಅಡುಗೆಮನೆಯ ಅಟ್ಟದ ಮೇಲೆ, ಹಿತ್ತಾಳೆ ಪಾತ್ರೆಗಳ ಹಿಂದೆ, ಹಳೆಯ ಪಂಚೆಯೊಂದರಲ್ಲಿ ಸುತ್ತಿಟ್ಟೆ.

2019ರಲ್ಲಿ ಹುಡುಗ ಪದವಿ ಪಡೆದ. ಎರಡೂ ಬಾಟಲಿಗಳನ್ನು ಪುಣೆಯಲ್ಲಿ ಒಂದೇ ಸಂಜೆ ತೆರೆದೆವು. ನನ್ನ ಬಾಟಲಿಯ ಬಿರಡೆ ಶಬ್ದವಿಲ್ಲದೆ, ಒದ್ದೆ ಮೊಳೆಯಂತೆ ಕೈಗೆ ಬಂತು. ಬಣ್ಣ ಹಳೆಯ ಜೇನಿನದು. ಗುಳ್ಳೆಗಳು ಬೆರಳೆಣಿಕೆಯಷ್ಟು. ಭಾವನವರ ಬಾಟಲಿ ಸಣ್ಣಗೆ ನಿಟ್ಟುಸಿರಿಟ್ಟು ತೆರೆದುಕೊಂಡಿತು. ತಿಳಿ ಹೊನ್ನಿನ ಬಣ್ಣ, ಲೋಟದ ತಳದಿಂದ ಎಳೆಯೆಳೆಯಾಗಿ ಏಳುವ ಗುಳ್ಳೆಗಳು. ಅಕ್ಕ ಕುಡಿಯುವವಳಲ್ಲ. ಎರಡು ಲೋಟಗಳನ್ನೂ ಮೂಗಿನ ಬಳಿ ಹಿಡಿದು ನೋಡಿದಳು. ಮೊದಲನೆಯದಕ್ಕೆ, “ಇದು ಕಮಟು ಹತ್ತಿದ ಎಣ್ಣೆ ಡಬ್ಬ ಕಣೋ” ಎಂದಳು. ಎರಡನೆಯದಕ್ಕೆ, “ಇದು ಹೆಂಚಿನ ಮೇಲಿನ ರೊಟ್ಟಿ, ಪಕ್ಕದಲ್ಲಿ ಯಾರೋ ಹೇರಳೆಕಾಯಿ ಸುಲಿದಿದ್ದಾರೆ” ಎಂದಳು. ಆ ಬಳಿಕ ಈ ವಿಷಯದಲ್ಲಿ ನಾನು ಓದಿದ ಪಂಡಿತರ ಮಾತುಗಳಲ್ಲಿ ಅಕ್ಕನ ಈ ಎರಡು ವಾಕ್ಯಗಳಿಗಿಂತ ನಿಖರವಾದವು ಕಡಿಮೆ.

ಒಂದೇ ತೋಟ, ಒಂದೇ ವರ್ಷ, ಒಂದೇ ಮನೆತನ. ಹದಿನೇಳು ವರ್ಷಗಳ ಕೊನೆಯಲ್ಲಿ ಎರಡು ಬೇರೆ ಬೇರೆ ಪದಾರ್ಥಗಳು. ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಇದನ್ನು ಬೇಕೆಂದೇ ಮಾಡಿದ್ದರೆ ಒಳ್ಳೆಯ ಅಂಕ ಬರುತ್ತಿತ್ತು. ನಾನು ಮಾತ್ರ ತಿಳಿಯದೆ ಮಾಡಿದೆ. ಏಕೆ ಹೀಗಾಯಿತು ಎಂಬುದನ್ನು ಅರಿಯಬೇಕಾದರೆ ಷಾಂಪೇನ್ ತಯಾರಾಗುವ ಬಗೆಯನ್ನು ಸ್ವಲ್ಪ ನೋಡಬೇಕು.

ಷಾಂಪೇನ್ ಎಂಬುದು ಮೂಲತಃ ಊರಿನ ಹೆಸರು. ಪ್ಯಾರಿಸ್ ನಗರದಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಈಶಾನ್ಯ ದಿಕ್ಕಿಗೆ, ರ‍್ಯಾನ್ಸ್ ಮತ್ತು ಎಪರ್ನೆ ಪಟ್ಟಣಗಳ ಸುತ್ತಮುತ್ತಲ ಸೀಮೆ ಅದು. ಚಳಿಯ ನಾಡು, ದ್ರಾಕ್ಷಿ ಪೂರ್ತಿ ಮಾಗುವುದೇ ಕಷ್ಟ. ಆದ್ದರಿಂದ ಹಣ್ಣಿನಲ್ಲಿ ಹುಳಿ ಹೆಚ್ಚು. ಬೇರೆ ಕಡೆ ಕೊರತೆಯೆನಿಸುವ ಈ ಹುಳಿಯೇ ಇಲ್ಲಿ ಬಂಡವಾಳ. ಷಾರ್ಡನೆ, ಪಿನೋ ನ್ವಾರ್, ಮೂನ್ಯೆ ಎಂಬ ಮೂರು ಜಾತಿಯ ದ್ರಾಕ್ಷಿಗಳು ಮುಖ್ಯವಾದವು. ಮೊದಲು ಸಾಧಾರಣ ವೈನ್ ಮಾಡುತ್ತಾರೆ. ಅದು ಬಲು ಹುಳಿಯಾದ, ಸಪ್ಪೆ ಮುಖದ ಪಾನೀಯ. ಅದನ್ನು ಬಾಟಲಿಗೆ ತುಂಬಿ, ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆಯನ್ನೂ ಯೀಸ್ಟನ್ನೂ ಸೇರಿಸಿ ಮುಚ್ಚಿಬಿಡುತ್ತಾರೆ. ದೋಸೆ ಹಿಟ್ಟನ್ನು ಹುದುಗು ಬರಲು ಇಡುವ ಗೃಹಿಣಿಯರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸವಿಷ್ಟೇ: ಇಲ್ಲಿ ಹೊರಬರುವ ಅನಿಲಕ್ಕೆ ಹೋಗಲು ದಾರಿಯಿಲ್ಲ. ಅದು ದ್ರವದಲ್ಲೇ ಕರಗಿ, ಒಳಗಿನ ಒತ್ತಡ ವಾಯುಮಂಡಲದ ಸುಮಾರು ಆರು ಪಟ್ಟಿಗೆ ಏರುತ್ತದೆ. ಬಾಟಲಿಯ ಗಾಜು ದಪ್ಪಗಿರುವುದೂ ಬಿರಡೆಗೆ ತಂತಿಯ ಕಟ್ಟು ಹಾಕುವುದೂ ಇದೇ ಕಾರಣದಿಂದ.

ಸಕ್ಕರೆ ಮುಗಿದ ಮೇಲೆ ಯೀಸ್ಟ್ ಸತ್ತು ತಳದಲ್ಲಿ ಗಷ್ಟಾಗಿ ಕೂರುತ್ತದೆ. ಕಥೆ ಮುಗಿಯಿತೆಂದು ನಾವು ತಿಳಿಯುವ ಈ ಘಟ್ಟದಲ್ಲೇ ಷಾಂಪೇನಿನ ಗುಣ ಮೊದಲಾಗುತ್ತದೆ. ಸತ್ತ ಕೋಶಗಳು ತಮ್ಮದೇ ಕಿಣ್ವಗಳಿಂದ ನಿಧಾನವಾಗಿ ಒಡೆದು, ಅಮೈನೋ ಆಮ್ಲಗಳನ್ನೂ ಪ್ರೋಟೀನಿನ ತುಣುಕುಗಳನ್ನೂ ಶರ್ಕರ ಸಂಯುಕ್ತಗಳನ್ನೂ ದ್ರವಕ್ಕೆ ಬಿಟ್ಟುಕೊಡುತ್ತವೆ. ಬಾಯಲ್ಲಿ ತುಂಬಿದಂತೆ ತೋರುವ ನಯ, ರೊಟ್ಟಿಯ ಘಮ, ಹುರಿದ ಬೀಜದ ಪರಿಮಳ ಇವುಗಳ ಮೂಲ ಇಲ್ಲಿದೆ. ಅದಲ್ಲದೆ ಈ ಗಷ್ಟು ಒಳಗೆ ನುಸುಳುವ ಆಮ್ಲಜನಕವನ್ನು ತಾನೇ ಹೀರಿಕೊಂಡು ವೈನನ್ನು ಕಾಯುತ್ತದೆ. ಸಾಧಾರಣ ಷಾಂಪೇನನ್ನು ಕನಿಷ್ಠ 15 ತಿಂಗಳು, ಒಂದೇ ಸುಗ್ಗಿಯ ಷಾಂಪೇನನ್ನು ಕನಿಷ್ಠ 3 ವರ್ಷ ಇಡಬೇಕೆಂದು ಅಲ್ಲಿಯ ಕಾನೂನು. ಹೆಸರಾಂತ ಮನೆತನಗಳು ಏಳೆಂಟು ವರ್ಷ ಇಡುವುದೂ ಉಂಟು.

ಆಮೇಲೆ ಗಷ್ಟನ್ನು ತೆಗೆಯಬೇಕು. ಬಾಟಲಿಯನ್ನು ತಲೆಕೆಳಗಾಗಿ ಓರೆಯಿಟ್ಟು ದಿನದಿನವೂ ಸ್ವಲ್ಪ ತಿರುಗಿಸಿ ಗಷ್ಟನ್ನು ಕತ್ತಿಗೆ ಇಳಿಸುವ ಉಪಾಯ ವಿಧವೆ ಕ್ಲಿಕೋ ಅವರ ಮನೆಯಲ್ಲಿ 1816ರ ಸುಮಾರಿಗೆ ರೂಪುಗೊಂಡಿತು. ಬಾರ್ಬ್ ನಿಕೋಲ್ ಕ್ಲಿಕೋ 1805ರಲ್ಲಿ, 27ನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ವ್ಯಾಪಾರವನ್ನು ಕೈಗೆತ್ತಿಕೊಂಡಾಕೆ; 1810ರ ಸುಗ್ಗಿಯಿಂದ ವರ್ಷದ ಹೆಸರಿನ ಷಾಂಪೇನ್ ಮಾಡಿದ ಕೀರ್ತಿಯೂ ಆ ಮನೆಯದೇ. ಕತ್ತಿನಲ್ಲಿ ನಿಂತ ಗಷ್ಟನ್ನು ಈಗ ಹೆಪ್ಪುಗಟ್ಟಿಸಿ ಹಾರಿಸುತ್ತಾರೆ. ಖಾಲಿಯಾದಷ್ಟು ಜಾಗಕ್ಕೆ ಸಕ್ಕರೆ ಬೆರೆತ ವೈನ್ ತುಂಬಿ ಬಿರಡೆ ಒತ್ತುತ್ತಾರೆ. ಈ ಸಕ್ಕರೆಯ ಪ್ರಮಾಣ ಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ‘ಬ್ರೂಟ್’.

ಇಲ್ಲಿಂದ ವಯಸ್ಸಿನ ಎರಡನೆಯ ಅಧ್ಯಾಯ. ಕಾವಲಿದ್ದ ಗಷ್ಟು ಈಗಿಲ್ಲ. ಬಿರಡೆಯ ಮೂಲಕ ಆಮ್ಲಜನಕ ಅತಿ ನಿಧಾನವಾಗಿ ಒಳಬರುತ್ತದೆ, ಅನಿಲ ಅತಿ ನಿಧಾನವಾಗಿ ಹೊರಹೋಗುತ್ತದೆ. ಸೇರಿಸಿದ ಸಕ್ಕರೆಗೂ ಅಮೈನೋ ಆಮ್ಲಗಳಿಗೂ ಮಧ್ಯೆ ಮೈಯಾರ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1912ರಲ್ಲಿ ವಿವರಿಸಿದ ಕ್ರಿಯೆ ಆರಂಭವಾಗುತ್ತದೆ. ಕಾದ ಹೆಂಚಿನ ಮೇಲೆ ದೋಸೆಯನ್ನು ಅರೆನಿಮಿಷದಲ್ಲಿ ಕೆಂಪಗೆ ಮಾಡುವುದೂ ಇದೇ ಕ್ರಿಯೆ. ತಣ್ಣನೆಯ ನೆಲಮಾಳಿಗೆಯಲ್ಲಿ ಅದಕ್ಕೆ ವರ್ಷಗಳು ಹಿಡಿಯುತ್ತವೆ. ಜೇನು, ಸುಟ್ಟ ರೊಟ್ಟಿ, ಒಣಹಣ್ಣುಗಳ ವಾಸನೆ ಬರುವುದು ಈ ಹಂತದಲ್ಲಿ.

ಹಾಗಾದರೆ ವಯಸ್ಸು ಎರಡು ಬಗೆಯದಾಯಿತು: ಗಷ್ಟಿನ ಜೊತೆ ಕಳೆದ ವಯಸ್ಸು, ಬಿರಡೆಯ ಕೆಳಗೆ ಕಳೆದ ವಯಸ್ಸು. ಎರಡರ ಪರಿಣಾಮಗಳು ಒಂದೇ ಅಲ್ಲ. ಮೊದಲನೆಯದು ವೈನನ್ನು ಬೆಳೆಸುತ್ತಲೇ ಎಳೆಯದಾಗಿಯೂ ಇಡುತ್ತದೆ. ಎರಡನೆಯದು ಅದನ್ನು ಮುದಿಯಾಗಿಸುತ್ತದೆ. ಆ ಮುಪ್ಪು ಒಂದು ಹಂತದವರೆಗೆ ಹಿತ, ದಾಟಿದರೆ ಕಮಟು.

ನೆಲಮಾಳಿಗೆಯ ಮಹತ್ವ ಇಲ್ಲೇ ಇರುವುದು. ರ‍್ಯಾನ್ಸ್ ಪಟ್ಟಣದ ಕೆಳಗೆ ರೋಮನ್ನರ ಕಾಲದಿಂದಲೂ ಕಟ್ಟಡಕ್ಕೆಂದು ಸೀಮೆಸುಣ್ಣದ ಕಲ್ಲನ್ನು ಅಗೆದು ತೆಗೆದ ಆಳವಾದ ಗುಂಡಿಗಳಿವೆ. 19ನೆಯ ಶತಮಾನದಲ್ಲಿ ಷಾಂಪೇನ್ ಮನೆತನಗಳು ಇವನ್ನು ಸುರಂಗಗಳಿಂದ ಜೋಡಿಸಿ ಉಗ್ರಾಣಗಳನ್ನಾಗಿ ಮಾಡಿಕೊಂಡವು. ಪೊಮೆರಿ ಮನೆತನದ ಸುರಂಗಗಳೇ ಸುಮಾರು 18 ಕಿಲೋಮೀಟರ್ ಉದ್ದವಿವೆ. ಒಳಗೆ ಬೇಸಿಗೆ ಚಳಿಗಾಲವೆನ್ನದೆ 10ರಿಂದ 12 ಡಿಗ್ರಿ ಉಷ್ಣಮಾನ, ಕತ್ತಲೆ, ತೇವ, ನಿಶ್ಚಲತೆ. ಮೊದಲ ಮಹಾಯುದ್ಧದಲ್ಲಿ ಊರಿನ ಮೇಲೆ ಗುಂಡಿನ ಮಳೆ ಸುರಿಯುತ್ತಿದ್ದಾಗ ಜನ ಈ ಮಾಳಿಗೆಗಳಲ್ಲೇ ವಾಸವಾಗಿದ್ದರು; ಮಕ್ಕಳ ಶಾಲೆಗಳೂ ಇಲ್ಲೇ ನಡೆದವು. 1914ರ ಸುಗ್ಗಿಯನ್ನು ಹೆಂಗಸರು, ಮಕ್ಕಳು, ಮುದುಕರು ಫಿರಂಗಿಗಳ ನಡುವೆ ಕೊಯ್ದರು. ಕೊಯ್ಯುವಾಗ ಸತ್ತ ಮಕ್ಕಳೂ ಉಂಟು. ಆ ವರ್ಷದ ಷಾಂಪೇನ್ ಬಹಳ ಕಾಲ ಬಾಳಿ ಹೆಸರು ಮಾಡಿತು. ಆ ಹೆಸರಿನಲ್ಲಿ ದ್ರಾಕ್ಷಿಯ ಪಾಲೆಷ್ಟು, ಆ ನೆನಪಿನ ಪಾಲೆಷ್ಟು ಎಂದು ಬಿಡಿಸಿ ಹೇಳುವ ವಿಮರ್ಶಕ ನನಗೆ ಸಿಕ್ಕಿಲ್ಲ. ಈ ತೋಟಗಳು, ಮನೆತನಗಳು ಮತ್ತು ಮಾಳಿಗೆಗಳನ್ನು ಯುನೆಸ್ಕೋ ಸಂಸ್ಥೆ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ನನ್ನ ಅಟ್ಟದ ಲೆಕ್ಕ ಹಾಕೋಣ. ಉಷ್ಣಮಾನ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರಾಗಿ ಇಮ್ಮಡಿಯಾಗುತ್ತದೆಂದು ಕಾಲೇಜಿನಲ್ಲಿ ಓದಿದ್ದೆವು. 12 ಡಿಗ್ರಿಯ ಮಾಳಿಗೆಗೂ 30 ಡಿಗ್ರಿಯ ಅಟ್ಟಕ್ಕೂ 18 ಡಿಗ್ರಿ ಅಂತರ. ವೇಗ ಸುಮಾರು ಮೂರೂವರೆ ಪಟ್ಟು. ಅಟ್ಟದ ಎಂಟು ವರ್ಷಗಳು ಮಾಳಿಗೆಯ ಇಪ್ಪತ್ತೆಂಟಕ್ಕೆ ಸಮ. ಇದು ಸ್ಥೂಲವಾದ ಲೆಕ್ಕ. ಎಲ್ಲ ಕ್ರಿಯೆಗಳೂ ಒಂದೇ ಪ್ರಮಾಣದಲ್ಲಿ ಚುರುಕಾಗುವುದಿಲ್ಲವಾದ್ದರಿಂದ ಅಟ್ಟದಲ್ಲಿ ಬೇಗನೆ ಬಂದ ಮುಪ್ಪು ಮಾಳಿಗೆಯಲ್ಲಿ ನಿಧಾನವಾಗಿ ಬಂದ ಮುಪ್ಪಿನ ನಕಲೂ ಆಗುವುದಿಲ್ಲ. ಮಾವಿನ ಮಿಡಿಯನ್ನು ಭರಣಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಕತ್ತಲ ಮೂಲೆಯಲ್ಲಿಟ್ಟರೆ ಮೂರು ವರ್ಷ ಬಾಳುತ್ತದೆ. ಅದೇ ಭರಣಿ ಒಲೆಯ ಪಕ್ಕದಲ್ಲಿದ್ದರೆ? ನಮ್ಮ ಅಜ್ಜಿ ಬದುಕಿದ್ದರೆ ನನ್ನನ್ನು ಬಿಡುತ್ತಿರಲಿಲ್ಲ.

ಇಷ್ಟು ಪೀಠಿಕೆಯಾದ ಮೇಲೆ ಷಾಂಪೇನಿನ ಹೊಗಳುಭಟರನ್ನು ವಿಚಾರಿಸಿಕೊಳ್ಳಬಹುದು. ಅವರ ಮೊದಲ ಹೇಳಿಕೆ, ಒಳ್ಳೆಯ ವರ್ಷದ ಷಾಂಪೇನ್ ದೀರ್ಘಾಯುಷಿ ಎಂಬುದು. 1996ರ ಉದಾಹರಣೆಯನ್ನು ನೋಡೋಣ. ಆ ವರ್ಷ ದ್ರಾಕ್ಷಿಯಲ್ಲಿ ಸಕ್ಕರೆಯೂ ಹೆಚ್ಚು, ಹುಳಿಯೂ ಹೆಚ್ಚು. ಇಂಥ ಜೋಡಿ ಅಪರೂಪವೆಂದು, ದಶಕಗಟ್ಟಲೆ ಬಾಳುವುದೆಂದು ವಿಮರ್ಶಕರು ಒಕ್ಕೊರಲಿನಿಂದ ಸಾರಿದರು. ವರ್ಷಗಳು ಕಳೆದ ಮೇಲೆ ಹಲವು ಬಾಟಲಿಗಳಲ್ಲಿ ಹಣ್ಣಿನ ಗುಣ ಇಳಿದು, ಹುಳಿ ಮಾತ್ರ ಒಂಟಿಯಾಗಿ ನಿಂತುದನ್ನು ಅವರಲ್ಲೇ ಅನೇಕರು ಒಪ್ಪಬೇಕಾಯಿತು. ಭವ್ಯವಾಗಿ ಬೆಳೆದವೂ ಇವೆ. ಹುಳಿಯೊಂದೇ ಆಯುಸ್ಸಿನ ಗ್ಯಾರಂಟಿಯಲ್ಲವೆಂದು ಇದರಿಂದ ಕಲಿಯಬೇಕು. ಹಾಡುಗಾರನ ಹಿಂದೆ ತಂಬೂರಿಯಿರಬೇಕು ನಿಜ. ಹಾಡುಗಾರ ಎದ್ದುಹೋದ ಮೇಲೂ ತಂಬೂರಿ ಮೀಟುತ್ತಿದ್ದರೆ ಅದನ್ನು ಕಚೇರಿ ಎನ್ನಲಾಗುವುದಿಲ್ಲ. ಭಾವನವರ ಬಾಟಲಿಯಲ್ಲಿ ಹುಳಿ ಇತ್ತು, ಅದರ ಮೇಲೆ ಹಾಡೂ ಇತ್ತು.

2003 ಇದಕ್ಕೆ ವಿರುದ್ಧ. ವಸಂತದಲ್ಲಿ ಹಿಮಪಾತದಿಂದ ಬೆಳೆ ನಾಶವಾಯಿತು; ಬೇಸಿಗೆಯಲ್ಲಿ ಯೂರೋಪನ್ನೇ ಬೇಯಿಸಿದ ಬಿಸಿಲು. ಹುಳಿ ಕುಸಿಯಿತು. ಅನೇಕ ಮನೆತನಗಳು ಆ ವರ್ಷವನ್ನು ಕೈಬಿಟ್ಟವು. ‘ಡೋಂ ಪೆರಿನ್ಯೋ’ದವರು ಧೈರ್ಯ ಮಾಡಿ ಹೊರತಂದರು. ಬೋಲಿಂಜೆ ಮನೆತನದವರು ತಮ್ಮ ಎಂದಿನ ಹಿರಿಯ ಹೆಸರನ್ನು ಕೊಡದೆ, ‘ಬೋಲಿಂಜೆಯವರ 2003’ ಎಂಬ ಬೇರೆಯೇ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಈ ನಡತೆ ನನಗೆ ಮೆಚ್ಚಿಗೆಯಾಯಿತು. ಇದು ನಮ್ಮ ಎಂದಿನ ಕೃತಿಯಲ್ಲ, ಆದರೂ ಈ ವರ್ಷದ ಸತ್ಯ ಇದು ಎಂದು ಹೇಳಿದಂತಾಯಿತು. ಒಂದೇ ಸುಗ್ಗಿಯ ಷಾಂಪೇನಿಗೆ ಬೆಲೆ ಕೊಡುವುದಾದರೆ ಈ ಪ್ರಾಮಾಣಿಕತೆಗೇ ಕೊಡಬೇಕು. ಸಾಧಾರಣ ಷಾಂಪೇನ್ ಹಲವು ವರ್ಷಗಳ ವೈನುಗಳನ್ನು ಬೆರೆಸಿ ಪ್ರತಿವರ್ಷವೂ ಒಂದೇ ಮುಖ ತೋರಿಸುವ ಕಲೆ. ವರ್ಷದ ಹೆಸರು ಹೊತ್ತದ್ದು ಆ ವರ್ಷದ ಮಳೆ ಬಿಸಿಲುಗಳ ಲೆಕ್ಕ ಒಪ್ಪಿಸಬೇಕು. ಒಂದು ಸುಗ್ಗಿಯ ಶೇಕಡಾ 80ಕ್ಕಿಂತ ಹೆಚ್ಚನ್ನು ಹೀಗೆ ವರ್ಷದ ಹೆಸರಿನಲ್ಲಿ ಮಾರಕೂಡದೆಂಬ ನಿಯಮವೂ ಇದೆ. ಮುಂದಿನ ಮಿಶ್ರಣಗಳಿಗೆ ಉಳಿತಾಯವಿರಲೆಂದು.

ಎರಡನೆಯ ಹೇಳಿಕೆ, ಮೊದಲು ಹುಟ್ಟಿದ್ದು ಮೊದಲು ಮಾಗುತ್ತದೆಂಬುದು. ಇದೂ ನಿಲ್ಲದು. ಡೋಂ ಪೆರಿನ್ಯೋದ 2009ರ ಸುಗ್ಗಿ 2017ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕಿಂತ ಹಿರಿಯದಾದ 2008 ಬಂದದ್ದು 2019ರಲ್ಲಿ. 2009ರದು ತುಂಬು ಮೈಯ, ಬೇಗ ಬಿಚ್ಚಿಕೊಳ್ಳುವ ಸ್ವಭಾವದ್ದು. 2008ರದು ಬಿಗಿ, ಇನ್ನೂ ಕಾಯಬೇಕಾಗಿತ್ತು. ಮನೆಯಲ್ಲಿ ತಮ್ಮನಿಗೆ ಮೊದಲು ಮದುವೆಯಾದರೆ ನಾವು ಜನರಿಗೆ ಸಮಜಾಯಿಷಿ ಹೇಳುತ್ತ ಕೂರುತ್ತೇವೆ. ಇವರು ಅದನ್ನು ಸಲೀಸಾಗಿ ಮಾಡಿ ಮುಗಿಸಿದರು.

ಮೂರನೆಯದು ಗಷ್ಟಿನ ಮೇಲೆ ಬಹುಕಾಲ ಇಟ್ಟು ತಡವಾಗಿ ತೆಗೆದ ಷಾಂಪೇನುಗಳ ವಿಷಯ. ಇದಕ್ಕೆ ಹೆಸರು ತಂದವರು ಲಿಲಿ ಬೋಲಿಂಜೆ ಎಂಬ ಮಹಿಳೆ. ಗಂಡನ ನಂತರ ಮನೆತನವನ್ನು ನಡೆಸಿದ ಆಕೆ 1952ರ ಸುಗ್ಗಿಯನ್ನು 1967ರಲ್ಲಿ ‘ಆರ್.ಡಿ.’ ಎಂಬ ಹೆಸರಿನಲ್ಲಿ ಹೊರತಂದರು. ‘ಇತ್ತೀಚೆಗೆ ಗಷ್ಟು ತೆಗೆದದ್ದು’ ಎಂದು ಅದರ ಅರ್ಥ. ಡೋಂ ಪೆರಿನ್ಯೋದವರು ಒಂದೇ ಸುಗ್ಗಿಯನ್ನು ಸುಮಾರು ಎಂಟು ವರ್ಷಕ್ಕೆ ಒಮ್ಮೆ, ಹದಿನೈದು ದಾಟಿದ ಮೇಲೆ ಇನ್ನೊಮ್ಮೆ, ಇಪ್ಪತ್ತೈದರ ಆಚೆ ಮತ್ತೊಮ್ಮೆ ಬಿಡುಗಡೆ ಮಾಡುವ ಪದ್ಧತಿಯನ್ನಿಟ್ಟುಕೊಂಡರು. ಇಲ್ಲಿ ವಯಸ್ಸಿಗೆ ಬೆಲೆ ಕೇಳುವುದು ನ್ಯಾಯವೆಂದು ನನ್ನ ತೀರ್ಮಾನ. ಕಾಯುವ ಹೊಣೆ, ಜಾಗದ ಖರ್ಚು, ಕೆಡುವ ಅಪಾಯ ಎಲ್ಲವನ್ನೂ ಹೊತ್ತವನು ತಯಾರಿಸಿದವನೇ. ಆದರೆ ಇವನ್ನು ಕೊಂಡು ಮತ್ತೆ ಇಪ್ಪತ್ತು ವರ್ಷ ಇಡಲು ಹೊರಡುವವರು ಯೋಚಿಸಬೇಕು. ಮುಪ್ಪಿನಲ್ಲಿ ಗಷ್ಟನ್ನು ಕಳೆದುಕೊಂಡ ವೈನು ಗಾಳಿಯ ಹೊಡೆತವನ್ನು ಹರೆಯದ್ದರಂತೆ ತಾಳುವುದಿಲ್ಲವೆಂಬುದು ಬಹಳ ಮಂದಿ ಬಲ್ಲವರ ಅನುಭವ.

ಗುಳ್ಳೆಗಳ ಆಯುಸ್ಸನ್ನೂ ವಿಜ್ಞಾನ ಅಳೆದಿದೆ. ರ‍್ಯಾನ್ಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಜೆರಾರ್ ಲಿಜೆ-ಬೆಲೇರ್ ಷಾಂಪೇನಿನ ಗುಳ್ಳೆಗಳ ಅಧ್ಯಯನವನ್ನೇ ಜೀವನದ ಕೆಲಸ ಮಾಡಿಕೊಂಡವರು. ಗುಳ್ಳೆ ಹುಟ್ಟುವುದು ಹೆಚ್ಚಾಗಿ ಲೋಟಕ್ಕೆ ಅಂಟಿದ ಬಟ್ಟೆಯ ಅಥವಾ ಕಾಗದದ ಸೂಕ್ಷ್ಮ ನಾರುಗಳಲ್ಲಿ ಎಂದೂ, ಒಂದು ಲೋಟದಿಂದ ಸುಮಾರು ಹತ್ತು ಲಕ್ಷ ಗುಳ್ಳೆಗಳು ಏಳುತ್ತವೆಂದೂ ತೋರಿಸಿದವರು ಅವರು. ಬಾಟಲಿ ಮುಚ್ಚಿಯೇ ಇದ್ದರೂ ಅನಿಲ ಸೋರಿಹೋಗುವುದನ್ನು ಅವರ ತಂಡ 2023ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿತು. ಮುಕ್ಕಾಲು ಲೀಟರಿನ ಬಾಟಲಿಯಲ್ಲಿ ಗುಳ್ಳೆ ಏಳುವ ಶಕ್ತಿ ಸುಮಾರು 40 ವರ್ಷ, ಒಂದೂವರೆ ಲೀಟರಿನದರಲ್ಲಿ 82 ವರ್ಷ, ಮೂರು ಲೀಟರಿನದರಲ್ಲಿ 132 ವರ್ಷ. ದೊಡ್ಡ ಬಾಟಲಿಯಲ್ಲಿ ದ್ರವಕ್ಕೆ ಹೋಲಿಸಿದರೆ ಮುಚ್ಚಳದ ಪಾಲು ಕಡಿಮೆ. ಅದಕ್ಕೇ ಸೋರಿಕೆಯೂ ಕಡಿಮೆ. ಹಾಗಾಗಿ ಬಹುಕಾಲ ಇಡುವ ಮನಸ್ಸುಳ್ಳವರು ದೊಡ್ಡ ಬಾಟಲಿಯನ್ನು ಅರಸುವುದು ಬರಿಯ ಡೌಲಲ್ಲ.

ಹಳತಿನ ಮೋಹ ತುತ್ತತುದಿ ಮುಟ್ಟಿದ್ದು ಬಾಲ್ಟಿಕ್ ಸಮುದ್ರದಲ್ಲಿ. 2010ರ ಜುಲೈನಲ್ಲಿ ಫಿನ್ಲೆಂಡಿನ ಓಲಂಡ್ ದ್ವೀಪಗಳ ಬಳಿ, ಸುಮಾರು 50 ಮೀಟರ್ ಆಳದಲ್ಲಿ ಮುಳುಗಿದ್ದ ಹಡಗೊಂದರಲ್ಲಿ ಮುಳುಗುಗಾರರಿಗೆ 168 ಷಾಂಪೇನ್ ಬಾಟಲಿಗಳು ದೊರೆತವು. ಸುಮಾರು 170 ವರ್ಷಗಳಷ್ಟು ಹಳೆಯವು. ಕೆಲವು ಕ್ಲಿಕೋ ಮನೆಯವು. ಕತ್ತಲೆ, 2ರಿಂದ 4 ಡಿಗ್ರಿ ಉಷ್ಣಮಾನ: ಕಡಲ ತಳ ಯಾವ ಮಾಳಿಗೆಗೂ ಕಡಿಮೆಯಿರಲಿಲ್ಲ. ಫಿಲಿಪ್ ಜಾಂಡೆ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಅದರಲ್ಲಿ ಲೀಟರಿಗೆ 140 ಗ್ರಾಮಿಗೂ ಮಿಕ್ಕಿ ಸಕ್ಕರೆಯಿತ್ತು. ಅಂದರೆ ಅಂದಿನವರು ಕುಡಿಯುತ್ತಿದ್ದುದು ಹೆಚ್ಚುಕಡಿಮೆ ಪಾನಕ! ಮೊದಲ ವಾಸನೆ ಪ್ರಾಣಿಯ ಒದ್ದೆ ಕೂದಲಿನದು, ಚೀಸಿನದು. ಲೋಟದಲ್ಲಿ ಆಡಿಸಿ ಗಾಳಿ ತಾಗಿಸಿದ ಮೇಲೆ ಹೊಗೆ, ಚರ್ಮ, ಹೂವು, ಹಣ್ಣುಗಳ ವಾಸನೆ. 2011ರ ಹರಾಜಿನಲ್ಲಿ ಕ್ಲಿಕೋ ಬಾಟಲಿಯೊಂದಕ್ಕೆ 30,000 ಯೂರೋ ಬಂತು. ಆ ಬೆಲೆ ರುಚಿಗಲ್ಲವೆಂದು ಹೇಳಲು ನಾಲಗೆಯ ಪರೀಕ್ಷೆ ಬೇಕಿಲ್ಲ. ಶಾಸನಕ್ಕೆ, ತಾಳೆಗರಿಗೆ ಬೆಲೆ ಕೊಡುವಂತೆ ಅದನ್ನು ಕೊಟ್ಟಿದ್ದರೆ ಆಕ್ಷೇಪವಿಲ್ಲ. ಆದರೆ ಅದನ್ನೇ ತೋರಿಸಿ, ನೋಡಿ, ಷಾಂಪೇನ್ ಹಳತಾದಷ್ಟೂ ಹೆಚ್ಚುತ್ತದೆ ಎಂದು ಅಂಗಡಿಯ ಬಾಟಲಿಯನ್ನು ಮಾರುವುದು ನ್ಯಾಯವಲ್ಲ.

ರುಚಿ ದೇಶಾಚಾರವೂ ಹೌದು. ಹಳೆಯ ಷಾಂಪೇನಿನ ಮೇಲಿನ ಒಲವಿಗೆ ಫ್ರೆಂಚರು ‘ಇಂಗ್ಲಿಷ್ ರುಚಿ’ ಎಂದೇ ಹೆಸರಿಟ್ಟಿದ್ದಾರೆ. ತಯಾರಿಸುವವರು ಎಳೆಯದನ್ನೇ ಇಷ್ಟಪಟ್ಟು ಕುಡಿಯುತ್ತಿರಲು, ಕೊಳ್ಳುವ ನೆರೆಯವರು ವರ್ಷಗಟ್ಟಲೆ ಇಟ್ಟು ಕುಡಿದರು. ಸಿಹಿಯಿಲ್ಲದ ಷಾಂಪೇನನ್ನು ಬೇಡಿದವರೂ ಇಂಗ್ಲಿಷರೇ. ಅವರಿಗಾಗಿಯೇ ಲೂಯಿಸ್ ಪೊಮೆರಿ ಎಂಬ ಇನ್ನೊಬ್ಬ ವಿಧವೆ 1874ರ ಸುಗ್ಗಿಯಿಂದ ಹೆಸರಾಂತ ‘ಬ್ರೂಟ್’ ತಯಾರಿಸಿದಳು. ನಮ್ಮವರಲ್ಲಿ ಹಸಿ ಉಪ್ಪಿನಕಾಯಿ ಬೇಕೆನ್ನುವವರೂ, ಎರಡು ವರ್ಷದ್ದೇ ಬೇಕೆನ್ನುವವರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲವೇ? ಇದು ತಪ್ಪು ಸರಿಗಳ ಪ್ರಶ್ನೆಯಲ್ಲ. ವಿಮರ್ಶಕನು ತನ್ನ ರುಚಿಯನ್ನು ಪ್ರಮಾಣವೆಂದು ಸಾರಿದಾಗ ಮಾತ್ರ ತಕರಾರು ಹುಟ್ಟುತ್ತದೆ.

ನಾವು ಇದರಿಂದ ಪೂರ್ತಿ ಹೊರಗಿನವರೂ ಅಲ್ಲ. 1980ರ ದಶಕದಲ್ಲಿ ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ ಷಾಂಪೇನ್ ಸೀಮೆಯ ತಾಂತ್ರಿಕ ನೆರವಿನಿಂದ ತಯಾರಾದ ಗುಳ್ಳೆಯ ವೈನ್ ‘ಒಮರ್ ಖಯ್ಯಾಂ’ ಎಂಬ ಹೆಸರಿನಲ್ಲಿ ಹೊರದೇಶಗಳಿಗೆ ಹೋಯಿತು. ನಮ್ಮ ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಅವರು ದ್ರಾಕ್ಷಿ ತೋಟ ಮಾಡಿದಾಗ ಸಲಹೆ ನೀಡಿದ ಜಾರ್ಜ್ ವೆಸೆಲ್ ಅವರೂ ಷಾಂಪೇನ್ ಸೀಮೆಯ ಬೂಜಿ ಗ್ರಾಮದವರೇ. ತೋಟ ಮಾಡಲು ನಮ್ಮ ನೆಲ ಒಗ್ಗಿತು. ಬಾಟಲಿಯನ್ನು ವರ್ಷಗಟ್ಟಲೆ ಇಡಲು ನಮ್ಮ ಬಿಸಿಲು ಒಗ್ಗುವುದಿಲ್ಲ; ಯಂತ್ರದ ತಂಪೇ ಬೇಕು.

ಕೊನೆಯದಾಗಿ ನನ್ನ ಮುಖ್ಯ ಆಕ್ಷೇಪ. ಮುಂಬಯಿಯಲ್ಲಿ ಇಬ್ಬರು ಕನ್ನಡಿಗರು ಹೊಸದಾಗಿ ಭೇಟಿಯಾದರೆ ಎರಡು ಪ್ರಶ್ನೆಗಳನ್ನು ಕೇಳದೆ ಬಿಡುವುದಿಲ್ಲ: ಯಾವ ಊರು? ಊರು ಬಿಟ್ಟು ಎಷ್ಟು ವರ್ಷವಾಯಿತು? ಎರಡಕ್ಕೂ ಉತ್ತರ ಸಿಕ್ಕಿದರೆ ಮನುಷ್ಯನ ಅಂದಾಜು ಸಿಗುತ್ತದೆ. ಷಾಂಪೇನ್ ಬಾಟಲಿ ಮೊದಲ ಪ್ರಶ್ನೆಗೆ ದೊಡ್ಡಕ್ಷರದಲ್ಲಿ ಉತ್ತರ ಹೇಳುತ್ತದೆ, ಎರಡನೆಯದಕ್ಕೆ ಬಹಳ ಕಡೆ ಮೌನ. 2002 ಎಂಬುದು ಹುಟ್ಟಿದ ವರ್ಷ. ಗಷ್ಟನ್ನು ಬಿಟ್ಟು ಹೊರಟದ್ದು ಎಂದು? 2009ರಲ್ಲೋ, 2011ರಲ್ಲೋ? ಆ ತಾರೀಖು ತಿಳಿಯದೆ ಅದನ್ನು ಈಗ ತೆರೆಯಬೇಕೋ ಇಡಬೇಕೋ ಎಂದು ಯಾವ ಪಂಡಿತನೂ ಹೇಳಲಾರ. ‘ಆರ್.ಡಿ.’ ಬಾಟಲಿಯ ಮೇಲೆ ಅದು ಅಚ್ಚಾಗಿರುತ್ತದೆ. ಕ್ರೂಗ್ ಮನೆತನದವರು 2011ರಿಂದ ಪ್ರತಿ ಬಾಟಲಿಗೂ ಒಂದು ಸಂಖ್ಯೆ ಕೊಟ್ಟು ಅದರ ವಿವರಗಳನ್ನು ಕೊಂಡವರು ತಿಳಿಯುವಂತೆ ಮಾಡಿದರು. ಇದು ಎಲ್ಲರ ಪದ್ಧತಿಯಾಗಬೇಕು. ಔಷಧಿ ಶೀಷೆಯ ಮೇಲೆ ಎರಡು ತಾರೀಖು ಇರುವಾಗ, ಅದರ ಹತ್ತಾರು ಪಟ್ಟು ಬೆಲೆಯ ಬಾಟಲಿಯ ಮೇಲೆ ಇದ್ದರೆ ನಷ್ಟವೇನು? ಜೊತೆಗೆ ‘ತಂಪಾದ ಕತ್ತಲಲ್ಲಿಡಿ’ ಎಂಬ ಒಂದು ಸಾಲು ದೊಡ್ಡದಾಗಿ ಅಚ್ಚಾಗಿದ್ದರೆ ನನ್ನಂಥವರ ಅಟ್ಟಗಳೂ ಬದುಕಿಕೊಳ್ಳುತ್ತಿದ್ದವು.

ಆದ್ದರಿಂದ ನನ್ನ ತೀರ್ಪು ಹೀಗೆ: ವಯಸ್ಸು ಷಾಂಪೇನಿಗೆ ಗುಣ ಕೊಡಬಲ್ಲುದು, ಎಲ್ಲಿ ಯಾರ ಜೊತೆ ಕಳೆದದ್ದೆಂಬ ಲೆಕ್ಕ ಸಿಕ್ಕಾಗ ಮಾತ್ರ. ಆ ಲೆಕ್ಕವಿಲ್ಲದ ವಯಸ್ಸಿಗೆ ಬೆಲೆ ಕೊಡಬೇಡಿ. ತಂಪಾದ ಜಾಗವಿಲ್ಲದವರಿಗೆ ಯಾರಾದರೂ ಪ್ರೀತಿಯಿಂದ ಬಾಟಲಿಯೊಂದನ್ನು ಕೊಟ್ಟರೆ, ಕೊಟ್ಟವರು ಎದುರಿಗಿರುವಾಗಲೇ ತೆರೆಯುವುದು ಸರಿ. ಕುಡಿಯದವರು ನಮ್ಮ ಅಕ್ಕನಂತೆ ಮೂಸಿ ನೋಡಬಹುದು.

ಆ ಸಂಜೆ ನನ್ನ ಲೋಟವನ್ನು ತೊಟ್ಟಿಗೆ ಸುರಿಯಲು ಎದ್ದಾಗ ಭಾವನವರು ತಡೆದು, ಒಂದು ಗುಟುಕು ಕುಡಿದು, ಮುಖ ಕಿವಿಚಿ, “ಎಂಟು ವರ್ಷ ಜೋಪಾನ ಮಾಡಿದ್ದೀಯಲ್ಲ, ಮರ್ಯಾದೆ ಕೊಡಬೇಕು” ಎಂದು ನಕ್ಕರು. ಆಮೇಲೆ ತಮ್ಮ ಬಾಟಲಿಯಿಂದ ನನ್ನ ಲೋಟ ತುಂಬಿಸಿದರು. ಅಕ್ಕ ಒಳಗಿನಿಂದ ಕೂಗಿದಳು: “ಅಟ್ಟದ ಮೇಲೆ ಇನ್ನೇನೇನು ಇಟ್ಟಿದ್ದೀಯೋ, ಊರಿಗೆ ಹೋದ ಮೇಲೆ ಮೊದಲು ಅದನ್ನು ನೋಡು.” ನೋಡಿದೆ. ಮದುವೆಯಲ್ಲಿ ಬಂದಿದ್ದ ಎರಡು ಊಟದ ಸೆಟ್ಟು, ಬಿಚ್ಚದ ಒಂದು ಇಸ್ತ್ರಿಪೆಟ್ಟಿಗೆ, ತೀರಿಹೋದ ನಮ್ಮ ತಂದೆಯವರಿಗೆಂದು ತಂದು ಒಳ್ಳೆಯ ದಿನಕ್ಕಿರಲೆಂದು ಇಟ್ಟ ರೇಷ್ಮೆ ಪಂಚೆ. ಮಡಿಕೆಯ ಗೆರೆಯಲ್ಲಿ ಅದು ಸೀಳಿತ್ತು.